ಜಾಮೀನುದಾರರ ಜವಾಬ್ದಾರಿಗಳು: ಜಾಮೀನು ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಅಪರಾಧ ಪ್ರಕರಣದಲ್ಲಿ ದಸ್ತಗಿರಿಯಾಗಿ ಕಾರಾಗೃಹದಲ್ಲಿರುವ ವ್ಯಕ್ತಿಗೆ ನ್ಯಾಯಾಲಯವು ಜಾಮೀನು ಮಂಜೂರು ಮಾಡಿದ ಮಾತ್ರಕ್ಕೆ ಆತನ ಬಿಡುಗಡೆ ಆಗುವುದಿಲ್ಲ. ಆದೇಶದಲ್ಲಿ ನಿಗದಿಪಡಿಸಿದ ಮೊತ್ತಕ್ಕೆ ಆರೋಪಿಯು ಸ್ವಂತ ಮುಚ್ಚಳಿಕೆ ಬರೆದುಕೊಡಬೇಕು. ಜಾಮೀನುದಾರರನ್ನು ಒದಗಿಸುವಂತೆ ಆದೇಶದಲ್ಲಿದ್ದರೆ, ಅವರೂ ನ್ಯಾಯಾಲಯದ ಮುಂದೆ ಹಾಜರಾಗಿ ಮುಚ್ಚಳಿಕೆಗೆ ಸಹಿ ಹಾಕಬೇಕು. ಇದಾದ ನಂತರವೇ ಬಿಡುಗಡೆ ಆದೇಶವು ಕಾರಾಗೃಹವನ್ನು ತಲುಪುತ್ತದೆ.

ಈ ಹಂತದಲ್ಲಿ ಎರಡು ಬಗೆಯ ತೊಂದರೆಗಳು ಕಂಡುಬರುತ್ತವೆ. ಮೊದಲನೆಯದು, "ಜಾಮೀನು ಹಾಕಿದವರೇ ಜೈಲಿಗೆ ಹೋಗಬೇಕಾಗುತ್ತದೆ" ಎಂಬ ತಪ್ಪು ತಿಳುವಳಿಕೆಯಿಂದ ಬಂಧುಗಳೂ ಮುಂದೆ ಬಾರದೆ, ಜಾಮೀನು ದೊರೆತ ವ್ಯಕ್ತಿಯು ಕಾರಾಗೃಹದಲ್ಲಿಯೇ ಉಳಿಯುವುದು. ಎರಡನೆಯದು, ದಾಕ್ಷಿಣ್ಯಕ್ಕೆ ಒಳಗಾಗಿ ಪಹಣಿಯೊಂದಿಗೆ ಬಂದು, ಮುಚ್ಚಳಿಕೆಯನ್ನು ಓದದೆ ಸಹಿ ಹಾಕಿ, ಕೆಲವು ವರ್ಷಗಳ ನಂತರ ಹಣ ಕಟ್ಟುವಂತೆ ನೋಟೀಸು ಬಂದಾಗ ಕಂಗಾಲಾಗುವುದು. ಕಾನೂನಿನ ನಿಜವಾದ ಸ್ಥಿತಿಯನ್ನು ತಿಳಿದಲ್ಲಿ ಈ ಎರಡೂ ತೊಂದರೆಗಳನ್ನು ತಪ್ಪಿಸಬಹುದು. ಈ ಉದ್ದೇಶದಿಂದ ಅವಶ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಕಾನೂನಿನ ಆಧಾರ

ಜಾಮೀನು ಮತ್ತು ಮುಚ್ಚಳಿಕೆಗಳಿಗೆ ಸಂಬಂಧಿಸಿದ ಉಪಬಂಧಗಳು ದಿನಾಂಕ 01-07-2024 ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ರ ಕಲಂ 478 ರಿಂದ 496 ರವರೆಗೆ ಇರುತ್ತವೆ. ಅದಕ್ಕೂ ಮೊದಲು ಇವು ದಂಡ ಪ್ರಕ್ರಿಯಾ ಸಂಹಿತೆ, 1973 ರ ಕಲಂ 436 ರಿಂದ 450 ರವರೆಗೆ ಇದ್ದವು. ಜಾಮೀನುದಾರರ ಹೊಣೆಗಾರಿಕೆಯ ಮೂಲ ತತ್ವಗಳು ಎರಡೂ ಸಂಹಿತೆಗಳಲ್ಲಿ ಬಹುಮಟ್ಟಿಗೆ ಒಂದೇ ಆಗಿವೆ. ಹಳೆಯ ಸಂಹಿತೆಯ ಕಾಲದಲ್ಲಿ ಸಹಿ ಹಾಕಿದವರು, ಕಾನೂನು ಬದಲಾಯಿತೆಂಬ ಕಾರಣಕ್ಕೆ ತಮ್ಮ ಹೊಣೆ ತೀರಿತೆಂದು ಭಾವಿಸಬಾರದು.

ಹೊಸ ಸಂಹಿತೆಯು ಎರಡು ಪದಗಳನ್ನು ಪ್ರತ್ಯೇಕವಾಗಿ ವ್ಯಾಖ್ಯಾನಿಸಿದೆ. ಜಾಮೀನುದಾರರಿಲ್ಲದೆ ಆರೋಪಿಯು ತಾನೊಬ್ಬನೇ ಬರೆದುಕೊಡುವುದು "ಮುಚ್ಚಳಿಕೆ". ಜಾಮೀನುದಾರರ ಭದ್ರತೆಯೊಂದಿಗೆ ಬರೆದುಕೊಡುವುದು "ಜಾಮೀನು ಮುಚ್ಚಳಿಕೆ". ನ್ಯಾಯಾಲಯದ ಆದೇಶದಲ್ಲಿ ಇವೆರಡರಲ್ಲಿ ಯಾವುದನ್ನು ಕೇಳಲಾಗಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

2. ಸಹಿ ಹಾಕುವವರು ಒಪ್ಪಿಕೊಳ್ಳುವುದೇನು?

ಕಲಂ 485 ರ ಪ್ರಕಾರ, ಮುಚ್ಚಳಿಕೆಯಲ್ಲಿ ನಮೂದಿಸಿದ ಸಮಯ ಮತ್ತು ಸ್ಥಳದಲ್ಲಿ ಆರೋಪಿಯು ಹಾಜರಾಗಬೇಕು ಹಾಗೂ ನ್ಯಾಯಾಲಯವು ಬೇರೆ ರೀತಿ ನಿರ್ದೇಶಿಸುವವರೆಗೆ ಹಾಜರಾಗುತ್ತಲೇ ಇರಬೇಕು. ಜಾಮೀನುದಾರರು ಒಪ್ಪಿಕೊಳ್ಳುವುದು ಇದನ್ನೇ. ಆರೋಪಿಯು ಹಾಜರಾಗುವನೆಂದು ಅವರು ಭರವಸೆ ನೀಡುತ್ತಾರೆ ಮತ್ತು ತಪ್ಪಿದಲ್ಲಿ ನಮೂದಿಸಿದ ಮೊತ್ತವನ್ನು ಸರ್ಕಾರಕ್ಕೆ ಕಟ್ಟಲು ಬದ್ಧರಾಗುತ್ತಾರೆ. ಪ್ರಕರಣದ ಅಗತ್ಯಕ್ಕೆ ತಕ್ಕಂತೆ ಸತ್ರ ನ್ಯಾಯಾಲಯ, ಉಚ್ಚ ನ್ಯಾಯಾಲಯ ಅಥವಾ ಬೇರೆ ನ್ಯಾಯಾಲಯವು ಕರೆದಾಗ ಹಾಜರಾಗುವ ಷರತ್ತನ್ನೂ ಇದೇ ಮುಚ್ಚಳಿಕೆಯಲ್ಲಿ ಸೇರಿಸಬಹುದಾಗಿದೆ.

ಈ ಕೆಳಕಂಡವು ಜಾಮೀನುದಾರರ ಹೊಣೆಯಲ್ಲಿ ಸೇರುವುದಿಲ್ಲ:

(ಅ) ಆರೋಪಿಯು ನಿರಪರಾಧಿ ಎಂದು ಜಾಮೀನುದಾರರು ಭರವಸೆ ಕೊಡುವುದಿಲ್ಲ. ಪ್ರಕರಣದ ಸತ್ಯಾಸತ್ಯತೆಗೂ ಜಾಮೀನಿಗೂ ಸಂಬಂಧವಿರುವುದಿಲ್ಲ.

(ಆ) ಆರೋಪಿಗೆ ಶಿಕ್ಷೆಯಾದಲ್ಲಿ ಆ ಶಿಕ್ಷೆಯನ್ನು ಜಾಮೀನುದಾರರು ಅನುಭವಿಸಬೇಕಾಗಿಲ್ಲ. ಆರೋಪಿಗೆ ವಿಧಿಸಿದ ದಂಡವನ್ನೂ ಅವರು ಕಟ್ಟಬೇಕಾಗಿಲ್ಲ.

(ಇ) ಸಹಿ ಹಾಕುವ ಸಮಯದಲ್ಲಿ ಜಾಮೀನುದಾರರು ನ್ಯಾಯಾಲಯಕ್ಕೆ ಮುಚ್ಚಳಿಕೆಯ ಮೊತ್ತವನ್ನು ಪಾವತಿಸಬೇಕಾಗಿಲ್ಲ. ಆರೋಪಿಯು ತಪ್ಪದೆ ಹಾಜರಾದಲ್ಲಿ ಆ ಮೊತ್ತವನ್ನು ಎಂದಿಗೂ ಕಟ್ಟುವ ಸಂದರ್ಭ ಬರುವುದಿಲ್ಲ.

ಆದೇಶದಲ್ಲಿ "ರೂ. 50,000/- ಗಳ ಸ್ವಂತ ಮುಚ್ಚಳಿಕೆ ಮತ್ತು ಅಷ್ಟೇ ಮೊತ್ತದ ಒಬ್ಬ ಜಾಮೀನುದಾರರ ಭದ್ರತೆ" ಎಂದಿದ್ದರೆ, ಆರೋಪಿಯ ಹೊಣೆ ಬೇರೆ, ಜಾಮೀನುದಾರರ ಹೊಣೆ ಬೇರೆ. ಆರೋಪಿಯಿಂದ ಹಣ ವಸೂಲಾಗದಿದ್ದ ನಂತರವೇ ಜಾಮೀನುದಾರರ ಸರದಿ ಬರುತ್ತದೆಂದು ತಿಳಿಯಬಾರದು. ಇಬ್ಬರು ಜಾಮೀನುದಾರರು ಒಂದೇ ಮುಚ್ಚಳಿಕೆಗೆ "ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ" ಬದ್ಧರೆಂದು ಸಹಿ ಹಾಕಿದಲ್ಲಿ, ಪೂರ್ಣ ಮೊತ್ತಕ್ಕೆ ಅವರಲ್ಲಿ ಯಾರನ್ನಾದರೂ ಹೊಣೆ ಮಾಡಬಹುದು. ಆದ್ದರಿಂದ ಮುಚ್ಚಳಿಕೆಯ ಒಕ್ಕಣೆಯನ್ನು ಓದಿ, ಓದಲು ಬಾರದವರು ಓದಿಸಿ ಕೇಳಿ, ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

3. ಯಾರು ಜಾಮೀನುದಾರರಾಗಬಹುದು?

ಪ್ರಾಪ್ತ ವಯಸ್ಸಿನ, ಸ್ವಸ್ಥಚಿತ್ತರಾದ ಯಾವುದೇ ವ್ಯಕ್ತಿಯು ಜಾಮೀನುದಾರರಾಗಬಹುದು. ಮಹಿಳೆಯರಿಗೆ ಅಥವಾ ಆರೋಪಿಯ ತಂದೆ, ತಾಯಿ, ಸಹೋದರರು, ಪತಿ, ಪತ್ನಿ ಮುಂತಾದ ಬಂಧುಗಳಿಗೆ ಕಾನೂನಿನಲ್ಲಿ ನಿರ್ಬಂಧವಿಲ್ಲ. ನ್ಯಾಯಾಲಯವು ಎರಡು ಅಂಶಗಳನ್ನು ಪರಿಶೀಲಿಸುತ್ತದೆ. ಒಂದು, ಮುಚ್ಚಳಿಕೆಯ ಮೊತ್ತವನ್ನು ಕಟ್ಟುವ ಶಕ್ತಿ ಅವರಿಗಿದೆಯೇ? ಎರಡು, ಆರೋಪಿಯು ಹಾಜರಾಗುವಂತೆ ನೋಡಿಕೊಳ್ಳುವಷ್ಟು ಪರಿಚಯ ಮತ್ತು ಸಂಪರ್ಕ ಅವರಿಗಿದೆಯೇ?

ಕರ್ನಾಟಕದ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಸಲ್ಲಿಸುವ ದಾಖಲೆಗಳು ಈ ಕೆಳಕಂಡಂತಿವೆ:

- ಗುರುತು ಮತ್ತು ವಿಳಾಸದ ದಾಖಲೆ: ಆಧಾರ್ ಕಾರ್ಡು, ಮತದಾರರ ಗುರುತಿನ ಚೀಟಿ, ಪಡಿತರ ಚೀಟಿ ಮುಂತಾದವು
- ಇತ್ತೀಚಿನ ಭಾವಚಿತ್ರಗಳು
- ಕೃಷಿ ಜಮೀನು ಉಳ್ಳವರು: ಚಾಲ್ತಿ ಸಾಲಿನ ಪಹಣಿ
- ಮನೆ ಅಥವಾ ನಿವೇಶನ ಉಳ್ಳವರು: ಖಾತಾ ದಾಖಲೆ ಹಾಗೂ ಆಸ್ತಿ ತೆರಿಗೆ ಕಟ್ಟಿದ ರಸೀದಿ
- ನೌಕರಿಯಲ್ಲಿರುವವರು: ವೇತನ ಪ್ರಮಾಣಪತ್ರ ಮತ್ತು ಕಛೇರಿಯ ಗುರುತಿನ ಚೀಟಿ
- ಜಾಮೀನುದಾರರ ಶಪಥಪತ್ರ

ಪ್ರತಿ ನ್ಯಾಯಾಲಯವು ಆಸ್ತಿಯ ಮೌಲ್ಯ ಮತ್ತು ದಾಖಲೆಯ ನೈಜತೆಯ ಬಗ್ಗೆ ತನಗೆ ಮನವರಿಕೆಯಾಗುವಷ್ಟು ದಾಖಲೆಗಳನ್ನು ಕೇಳಬಹುದು. ಆದ್ದರಿಂದ ಯಾವ ದಾಖಲೆ ಬೇಕೆಂಬುದನ್ನು ಆರೋಪಿಯ ಪರ ವಕೀಲರಿಂದ ಅಥವಾ ನ್ಯಾಯಾಲಯದ ಕಛೇರಿಯಿಂದ ಮುಂಚಿತವಾಗಿ ತಿಳಿದು, ಮೂಲ ದಾಖಲೆ ಮತ್ತು ನಕಲು ಪ್ರತಿ ಎರಡನ್ನೂ ತರುವುದು ಸೂಕ್ತ. ಆಸ್ತಿಯು ಜಂಟಿ ಖಾತೆಯಲ್ಲಿದ್ದರೆ ಆ ಸಂಗತಿಯನ್ನು ಮರೆಮಾಚದೆ ತಿಳಿಸಬೇಕು.

4. ನ್ಯಾಯಾಲಯದಲ್ಲಿ ಅನುಸರಿಸುವ ಕ್ರಮ

ಜಾಮೀನುದಾರರು ಖುದ್ದಾಗಿ ಹಾಜರಾಗಬೇಕು. ದಾಖಲೆಗಳ ಪರಿಶೀಲನೆಯ ನಂತರ ನ್ಯಾಯಾಧೀಶರು ಸಾಮಾನ್ಯವಾಗಿ ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ಆರೋಪಿಯು ಏನಾಗಬೇಕು, ಎಷ್ಟು ಕಾಲದ ಪರಿಚಯ, ಆತನು ಎಲ್ಲಿ ವಾಸಿಸುತ್ತಾನೆ, ಆಸ್ತಿ ಯಾರ ಹೆಸರಿನಲ್ಲಿದೆ, ಆರೋಪಿಯು ತಪ್ಪಿಸಿಕೊಂಡರೆ ಹಣ ಕಟ್ಟಬೇಕೆಂಬುದು ಗೊತ್ತಿದೆಯೇ ಎಂಬ ಪ್ರಶ್ನೆಗಳಿಗೆ ಸತ್ಯವಾದ ಉತ್ತರ ನೀಡತಕ್ಕದ್ದು. ಶಪಥಪತ್ರವನ್ನು ಆಧರಿಸಿ ನ್ಯಾಯಾಲಯವು ಜಾಮೀನುದಾರರನ್ನು ಅಂಗೀಕರಿಸಬಹುದು. ಅವಶ್ಯವೆನಿಸಿದಲ್ಲಿ ತಾನೇ ವಿಚಾರಣೆ ನಡೆಸಬಹುದು ಅಥವಾ ಅಧೀನ ದಂಡಾಧಿಕಾರಿಯವರಿಂದ ನಡೆಸಬಹುದು.

ಕಲಂ 486 ರನ್ವಯ, ಈವರೆಗೆ ಎಷ್ಟು ಜನರಿಗೆ ಜಾಮೀನು ನಿಂತಿದ್ದಾರೆ ಎಂಬುದನ್ನು, ಪ್ರಸ್ತುತ ಆರೋಪಿಯೂ ಸೇರಿದಂತೆ, ಪೂರ್ಣ ವಿವರಗಳೊಂದಿಗೆ ಜಾಮೀನುದಾರರು ಘೋಷಿಸಬೇಕು. ಒಂದೇ ಪಹಣಿಯನ್ನು ಹಲವು ನ್ಯಾಯಾಲಯಗಳಲ್ಲಿ ತೋರಿಸಿ ಈ ವಿಷಯವನ್ನು ಮುಚ್ಚಿಡುವುದು ಗಂಭೀರ ಪರಿಣಾಮಗಳಿಗೆ ದಾರಿ ಮಾಡುತ್ತದೆ.

ಜಾಮೀನುದಾರರನ್ನು ಅಂಗೀಕರಿಸಿ ಮುಚ್ಚಳಿಕೆ ಪಡೆದ ನಂತರ, ಕಲಂ 487 ರನ್ವಯ ಬಿಡುಗಡೆ ಆದೇಶವನ್ನು ಕಾರಾಗೃಹಕ್ಕೆ ಕಳುಹಿಸಲಾಗುತ್ತದೆ. ಬೇರೊಂದು ಪ್ರಕರಣದಲ್ಲಿಯೂ ಆ ವ್ಯಕ್ತಿಯು ಬಂಧನದಲ್ಲಿರಬೇಕಾಗಿದ್ದಲ್ಲಿ, ಅದರಲ್ಲಿಯೂ ಜಾಮೀನು ದೊರೆಯುವವರೆಗೆ ಬಿಡುಗಡೆ ಆಗುವುದಿಲ್ಲ. ಈ ಅಂಶವನ್ನು ಸಹಿ ಹಾಕುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸಹಿಯಾದ ದಿನವೇ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ಮುಚ್ಚಳಿಕೆಯ ಮೊತ್ತ, ಮುಂದಿನ ವಿಚಾರಣಾ ದಿನಾಂಕ ಹಾಗೂ ವಕೀಲರ ವಿವರಗಳನ್ನು ಬರೆದಿಟ್ಟುಕೊಂಡು, ಮುಚ್ಚಳಿಕೆಯ ಪ್ರತಿಯೊಂದನ್ನು ಪಡೆದಿಟ್ಟುಕೊಳ್ಳತಕ್ಕದ್ದು.

5. ಬಿಡುಗಡೆಯ ನಂತರ ಜಾಮೀನುದಾರರು ವಹಿಸಬೇಕಾದ ಎಚ್ಚರಿಕೆ

ಆರೋಪಿಯು ಕಾರಾಗೃಹದಿಂದ ಹೊರಬಂದ ದಿನ ಜಾಮೀನುದಾರರ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅವರ ಹೊಣೆ ಆರಂಭವಾಗುವುದೇ ಅಂದಿನಿಂದ. ಪ್ರಕರಣವು ಹಲವು ವರ್ಷ ನಡೆಯಬಹುದು. ಅಷ್ಟೂ ಕಾಲ ಈ ಕೆಳಕಂಡ ಎಚ್ಚರಿಕೆಗಳು ಅವಶ್ಯ:

(ಅ) ಪ್ರತಿ ವಿಚಾರಣಾ ದಿನಾಂಕವನ್ನು ತಿಳಿದುಕೊಂಡು ಆರೋಪಿಗೆ ನೆನಪಿಸಬೇಕು. ಪ್ರತಿ ಪ್ರಕರಣಕ್ಕೂ ನೀಡಲಾಗುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಬಳಸಿ, ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಮುಂದಿನ ದಿನಾಂಕವನ್ನು ಉಚಿತವಾಗಿ ನೋಡಬಹುದು. ಇದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ.

(ಆ) ಆರೋಪಿಯ ವಾಸದ ಸ್ಥಳ, ದೂರವಾಣಿ ಸಂಖ್ಯೆ ಮತ್ತು ಉದ್ಯೋಗದ ಸ್ಥಳದ ಬಗ್ಗೆ ಮಾಹಿತಿ ಇಟ್ಟುಕೊಳ್ಳಬೇಕು.

(ಇ) ಕಾಯಿಲೆ ಅಥವಾ ಬೇರೆ ನಿಜವಾದ ಅಡಚಣೆಯಿಂದ ಆರೋಪಿಯು ಒಂದು ದಿನ ಬರಲಾಗದಿದ್ದಲ್ಲಿ, ಅಂದೇ ವಕೀಲರ ಮೂಲಕ ಹಾಜರಾತಿಯಿಂದ ವಿನಾಯಿತಿ ಕೋರಿ ಅರ್ಜಿ ಸಲ್ಲಿಸುವಂತೆ ನೋಡಿಕೊಳ್ಳಬೇಕು. ಅರ್ಜಿಯಿಲ್ಲದ ಗೈರುಹಾಜರಿಯೇ ಹೆಚ್ಚಿನ ತೊಂದರೆಗಳಿಗೆ ಮೂಲ.

(ಈ) ಜಾಮೀನುದಾರರ ವಿಳಾಸ ಬದಲಾದಲ್ಲಿ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು. ನೋಟೀಸು ಹೋಗುವುದು ಮುಚ್ಚಳಿಕೆಯಲ್ಲಿರುವ ವಿಳಾಸಕ್ಕೆ.

(ಉ) ಜಾಮೀನು ನಿಂತ ಮಾತ್ರಕ್ಕೆ ಆಸ್ತಿಯ ಒಡೆತನ ಬದಲಾಗುವುದಿಲ್ಲ. ಆದರೆ ಪ್ರಕರಣ ಮುಗಿಯುವವರೆಗೆ ಆಸ್ತಿಯನ್ನು ಪರಭಾರೆ ಮಾಡುವುದಿಲ್ಲವೆಂದು ಶಪಥಪತ್ರದಲ್ಲಿ ಬರೆದುಕೊಟ್ಟಿದ್ದಲ್ಲಿ ಅದಕ್ಕೆ ಬದ್ಧರಾಗಿರಬೇಕು. ಮಾರಾಟ ಅನಿವಾರ್ಯವಾದಲ್ಲಿ ಮೊದಲು ನ್ಯಾಯಾಲಯದ ಗಮನಕ್ಕೆ ತರಬೇಕು. ಜಾಮೀನುದಾರರ ಭದ್ರತೆ ಸಾಲದೆಂದು ಕಂಡುಬಂದಲ್ಲಿ, ಕಲಂ 488 ರನ್ವಯ ನ್ಯಾಯಾಲಯವು ಆರೋಪಿಯನ್ನು ವಾರಂಟಿನ ಮೂಲಕ ಕರೆಸಿ ಬೇರೆ ಭದ್ರತೆ ಕೇಳಬಹುದು.

6. ಆರೋಪಿಯು ಹಾಜರಾಗದಿದ್ದಲ್ಲಿ ಮುಂದಿನ ಕ್ರಮ

ಆರೋಪಿಯು ಕಾರಣವಿಲ್ಲದೆ ಗೈರುಹಾಜರಾದಲ್ಲಿ ಸಾಮಾನ್ಯವಾಗಿ ಆತನ ವಿರುದ್ಧ ದಸ್ತಗಿರಿ ವಾರಂಟು ಹೊರಡುತ್ತದೆ. ಜಾಮೀನು ಪಡೆದು ಸಾಕಷ್ಟು ಕಾರಣವಿಲ್ಲದೆ ಹಾಜರಾಗದಿರುವುದು ಭಾರತೀಯ ನ್ಯಾಯ ಸಂಹಿತೆ, 2023 ರ ಕಲಂ 269 ರನ್ವಯ ಆರೋಪಿಯ ಪ್ರತ್ಯೇಕ ಅಪರಾಧವಾಗಿದ್ದು, ಒಂದು ವರ್ಷದವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಜಾಮೀನುದಾರರ ಮಟ್ಟಿಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 491 ರಲ್ಲಿ ಹೇಳಿದ ಕ್ರಮವು ಹಂತ ಹಂತವಾಗಿ ನಡೆಯುತ್ತದೆ.

ಮೊದಲನೇ ಹಂತ: ಮುಚ್ಚಳಿಕೆಯ ಷರತ್ತು ಉಲ್ಲಂಘನೆಯಾಗಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದಲ್ಲಿ, ಅದಕ್ಕೆ ಆಧಾರಗಳನ್ನು ದಾಖಲಿಸಿ, ಮುಚ್ಚಳಿಕೆಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುತ್ತದೆ.

ಎರಡನೇ ಹಂತ: ಮುಚ್ಚಳಿಕೆಯ ಮೊತ್ತವನ್ನು ದಂಡವಾಗಿ ಕಟ್ಟುವಂತೆ ಅಥವಾ ಏಕೆ ಕಟ್ಟಬಾರದೆಂಬುದಕ್ಕೆ ಕಾರಣ ತೋರಿಸುವಂತೆ ಜಾಮೀನುದಾರರಿಗೆ ನೋಟೀಸು ನೀಡಲಾಗುತ್ತದೆ. ಕಾರಣ ತೋರಿಸಲು ಅವಕಾಶ ನೀಡದೆ ದಂಡ ವಸೂಲು ಮಾಡುವಂತಿಲ್ಲ. ಗುಲಾಂ ಮೆಹದಿ ವಿರುದ್ಧ ರಾಜಸ್ಥಾನ ರಾಜ್ಯ ಪ್ರಕರಣದಲ್ಲಿ (1960) ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ.

ಮೂರನೇ ಹಂತ: ಸಾಕಷ್ಟು ಕಾರಣ ತೋರಿಸದೆ, ಹಣವನ್ನೂ ಕಟ್ಟದೆ ಇದ್ದಲ್ಲಿ, ಆ ಮೊತ್ತವನ್ನು ನ್ಯಾಯಾಲಯವು ವಿಧಿಸಿದ ಜುಲ್ಮಾನೆಯಂತೆ ವಸೂಲು ಮಾಡಲಾಗುತ್ತದೆ. ಚರಾಸ್ತಿಯ ಜಪ್ತಿ ಮತ್ತು ಮಾರಾಟದ ಮೂಲಕ ಅಥವಾ ಜಿಲ್ಲಾಧಿಕಾರಿಯವರ ಮೂಲಕ ಭೂ ಕಂದಾಯ ಬಾಕಿಯಂತೆ ಚರ ಮತ್ತು ಸ್ಥಿರಾಸ್ತಿಗಳಿಂದ ವಸೂಲು ಮಾಡಲು ಅವಕಾಶವಿದೆ.

ನಾಲ್ಕನೇ ಹಂತ: ಮೇಲ್ಕಂಡ ಯಾವ ರೀತಿಯಲ್ಲಿಯೂ ವಸೂಲಾಗದಿದ್ದಲ್ಲಿ ಮಾತ್ರ, ನ್ಯಾಯಾಲಯದ ಆದೇಶದ ಮೇರೆಗೆ ಜಾಮೀನುದಾರರನ್ನು 6 ತಿಂಗಳವರೆಗೆ ಸಿವಿಲ್ ಕಾರಾಗೃಹದಲ್ಲಿ ಇರಿಸಬಹುದು. ಇದು ಹಣ ಕಟ್ಟದಿರುವ ಬಗ್ಗೆ ತೆಗೆದುಕೊಳ್ಳುವ ಕ್ರಮವೇ ಹೊರತು ಆರೋಪಿಯ ಅಪರಾಧಕ್ಕೆ ಜಾಮೀನುದಾರರಿಗೆ ನೀಡುವ ಶಿಕ್ಷೆಯಲ್ಲ.

ದಂಡದ ಯಾವುದೇ ಭಾಗವನ್ನು ಕಾರಣಗಳನ್ನು ದಾಖಲಿಸಿ ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ನೋಟೀಸು ಬಂದಾಗ ಜಾಮೀನುದಾರರು ನಡೆದುಕೊಳ್ಳುವ ರೀತಿಯು ಇಲ್ಲಿ ಮಹತ್ವ ಪಡೆಯುತ್ತದೆ.

ಉದಾಹರಣೆಗೆ, ಒಬ್ಬ ರೈತರು ತಮ್ಮ ಅಕ್ಕನ ಮಗನಿಗಾಗಿ ರೂ. 50,000/- ಗಳ ಜಾಮೀನು ನಿಂತಿದ್ದಾರೆಂದು ಭಾವಿಸೋಣ. ಎರಡು ವರ್ಷಗಳ ನಂತರ ಆತನು ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ವಿಚಾರಣೆಗೆ ಬರುವುದನ್ನು ನಿಲ್ಲಿಸುತ್ತಾನೆ. ರೈತರಿಗೆ ನೋಟೀಸು ಬರುತ್ತದೆ. ಅವರು "ತಪ್ಪು ಮಾಡಿದವನು ಅವನು, ನಾನೇಕೆ ಹೋಗಲಿ" ಎಂದು ನೋಟೀಸನ್ನು ಗೂಡಿನಲ್ಲಿಟ್ಟು ಸುಮ್ಮನಾದಲ್ಲಿ, ನ್ಯಾಯಾಲಯದ ಮುಂದೆ ಅವರ ಪರವಾದ ಯಾವ ಸಂಗತಿಯೂ ಇರುವುದಿಲ್ಲ. ಪೂರ್ಣ ಮೊತ್ತದ ವಸೂಲಿಗೆ ಆದೇಶವಾಗುವ ಸಂಭವ ಹೆಚ್ಚು. ಅದರ ಬದಲಾಗಿ ನಿಗದಿತ ದಿನ ಹಾಜರಾಗಿ, ಆತನನ್ನು ಹುಡುಕಲು ತಾವು ಮಾಡಿದ ಪ್ರಯತ್ನಗಳನ್ನು ತಿಳಿಸಿ, ಆತನ ಈಗಿನ ವಿಳಾಸವನ್ನು ಪೊಲೀಸರಿಗೆ ನೀಡಿ, ಕರೆತರಲು ಕಾಲಾವಕಾಶ ಕೋರಬಹುದು. ಆತನನ್ನು ಹಾಜರುಪಡಿಸಿದಲ್ಲಿ ದಂಡವನ್ನು ಕಡಿಮೆ ಮಾಡುವಂತೆ ಪ್ರಾರ್ಥಿಸಬಹುದು. ಮನ್ನಾ ಮಾಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಅದನ್ನು ಹಕ್ಕೆಂದು ಕೇಳಲಾಗದು. ಆದರೆ ಕೇಳದವರಿಗೆ ಆ ಅವಕಾಶವೂ ತಪ್ಪುತ್ತದೆ.

ದಂಡಾಧಿಕಾರಿಯವರು ಕಲಂ 491 ರನ್ವಯ ಮಾಡಿದ ಆದೇಶದ ವಿರುದ್ಧ ಕಲಂ 495 ರನ್ವಯ ಸತ್ರ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಬಹುದು. ಸತ್ರ ನ್ಯಾಯಾಲಯದ ಆದೇಶದ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಮುಟ್ಟುಗೋಲಿನೊಂದಿಗೆ ಹಳೆಯ ಮುಚ್ಚಳಿಕೆಗಳು ಕಲಂ 492 ರನ್ವಯ ರದ್ದಾಗುತ್ತವೆ. ಆದರೆ ಅಷ್ಟರಲ್ಲಿ ಉಂಟಾದ ದಂಡದ ಹೊಣೆಯು ರದ್ದಾಗುವುದಿಲ್ಲ.

7. ಜಾಮೀನಿನಿಂದ ಹಿಂದೆ ಸರಿಯುವ ವಿಧಾನ

ಒಮ್ಮೆ ಸಹಿ ಹಾಕಿದರೆ ಬಿಡುಗಡೆಯೇ ಇಲ್ಲವೆಂಬ ಭಾವನೆ ತಪ್ಪು. ಕಲಂ 489 ರನ್ವಯ ಜಾಮೀನುದಾರರು ಯಾವುದೇ ಸಮಯದಲ್ಲಿ ತಮ್ಮನ್ನು ಮುಚ್ಚಳಿಕೆಯಿಂದ ಬಿಡುಗಡೆ ಮಾಡುವಂತೆ ದಂಡಾಧಿಕಾರಿಯವರಿಗೆ ಅರ್ಜಿ ಸಲ್ಲಿಸಬಹುದು. ಇಬ್ಬರು ಜಾಮೀನುದಾರರಿದ್ದಲ್ಲಿ ಒಬ್ಬರು ಮಾತ್ರವೂ ಅರ್ಜಿ ಸಲ್ಲಿಸಬಹುದು.

ಅರ್ಜಿ ಬಂದ ಮೇಲೆ ಆರೋಪಿಯನ್ನು ಕರೆತರುವಂತೆ ವಾರಂಟು ಹೊರಡಿಸಲಾಗುತ್ತದೆ. ಆತನು ವಾರಂಟಿನ ಮೇಲೆ ಹಾಜರಾದಾಗ ಅಥವಾ ತಾನಾಗಿ ಶರಣಾದಾಗ, ಅರ್ಜಿದಾರ ಜಾಮೀನುದಾರರನ್ನು ಬಿಡುಗಡೆ ಮಾಡಿ, ಬೇರೆ ಜಾಮೀನುದಾರರನ್ನು ಒದಗಿಸುವಂತೆ ಆತನಿಗೆ ಸೂಚಿಸಲಾಗುತ್ತದೆ. ಒದಗಿಸದಿದ್ದಲ್ಲಿ ಆತನನ್ನು ಮತ್ತೆ ಕಾರಾಗೃಹಕ್ಕೆ ಕಳುಹಿಸಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಅರ್ಜಿ ಸಲ್ಲಿಸಿದ ದಿನವೇ ಹೊಣೆ ತೀರುವುದಿಲ್ಲ. ಆರೋಪಿಯು ನ್ಯಾಯಾಲಯದ ಮುಂದೆ ಬಂದು, ಬಿಡುಗಡೆಯ ಆದೇಶವಾದ ನಂತರವೇ ಹೊಣೆ ಮುಗಿಯುತ್ತದೆ. ಆದಕಾರಣ ಆರೋಪಿಯು ಊರು ಬಿಡುವ ಸೂಚನೆ ಕಂಡಾಗ, ದೂರವಾಣಿಗೆ ಸಿಗದಿರುವಾಗ ಅಥವಾ ವಿಚಾರಣೆಗೆ ಹೋಗಲು ಹಿಂಜರಿಯುತ್ತಿರುವಾಗಲೇ ಅರ್ಜಿ ಸಲ್ಲಿಸತಕ್ಕದ್ದು. ಆತನು ಕಾಣೆಯಾಗಿ ಮುಚ್ಚಳಿಕೆ ಮುಟ್ಟುಗೋಲಾದ ನಂತರ ಸಲ್ಲಿಸುವ ಅರ್ಜಿಯಿಂದ ಈಗಾಗಲೇ ಬಂದ ಹೊಣೆ ತಪ್ಪುವುದಿಲ್ಲ. ಮನೆಯಲ್ಲಿ ಅಥವಾ ಊರ ಹಿರಿಯರ ಮುಂದೆ "ನಾನು ಇನ್ನು ಜಾಮೀನುದಾರನಲ್ಲ" ಎಂದು ಹೇಳುವುದರಿಂದಲೂ, ವಕೀಲರಿಗೆ ಬಾಯಿಮಾತಿನಲ್ಲಿ ತಿಳಿಸುವುದರಿಂದಲೂ ಕಾನೂನಿನ ದೃಷ್ಟಿಯಲ್ಲಿ ಯಾವ ಪರಿಣಾಮವೂ ಇರುವುದಿಲ್ಲ.

8. ಹೊಣೆ ಮುಗಿಯುವುದು ಯಾವಾಗ?

ಪ್ರಕರಣವು ಅಂತಿಮವಾಗಿ ತೀರ್ಮಾನವಾದಾಗ ವಿಚಾರಣಾ ಹಂತದ ಮುಚ್ಚಳಿಕೆಯ ಉದ್ದೇಶ ಪೂರೈಸುತ್ತದೆ. ಆದರೆ ತೀರ್ಪಿಗೆ ಮುನ್ನ, ಮೇಲ್ಮನವಿಯ ಸಂದರ್ಭದಲ್ಲಿ ಮೇಲಿನ ನ್ಯಾಯಾಲಯದ ಮುಂದೆ ಹಾಜರಾಗುವ ಬಗ್ಗೆ ಕಲಂ 481 ರನ್ವಯ ಹೊಸ ಮುಚ್ಚಳಿಕೆ ಕೇಳಲಾಗುತ್ತದೆ. ಅದು 6 ತಿಂಗಳು ಜಾರಿಯಲ್ಲಿರುತ್ತದೆ. ಅದಕ್ಕೂ ಸಹಿ ಹಾಕುವ ಜಾಮೀನುದಾರರು ಈ ಅವಧಿಯನ್ನು ನೆನಪಿನಲ್ಲಿಡಬೇಕು.

ಮುಚ್ಚಳಿಕೆ ಮುಟ್ಟುಗೋಲಾಗುವ ಮುನ್ನವೇ ಜಾಮೀನುದಾರರು ಮರಣ ಹೊಂದಿದಲ್ಲಿ, ಅವರ ಸ್ವತ್ತು ಈ ಹೊಣೆಯಿಂದ ಮುಕ್ತವಾಗುತ್ತದೆ. ವಾರಸುದಾರರು ಮರಣ ಪ್ರಮಾಣಪತ್ರದೊಂದಿಗೆ ಈ ವಿಷಯವನ್ನು ನ್ಯಾಯಾಲಯಕ್ಕೆ ತಿಳಿಸುವುದು ಸೂಕ್ತ. ಇಂತಹ ಸಂದರ್ಭದಲ್ಲಿ ಕಲಂ 493 ರನ್ವಯ ಆರೋಪಿಯಿಂದ ಹೊಸ ಭದ್ರತೆ ಕೇಳಬಹುದು.

9. ಜಾಮೀನುದಾರರು ದೊರೆಯದಿದ್ದಲ್ಲಿ

ಯಾರೂ ಮುಂದೆ ಬಾರದಿದ್ದಲ್ಲಿ, ಇಷ್ಟವಿಲ್ಲದವರನ್ನು ಒತ್ತಾಯಿಸುವ ಬದಲು ಕಾನೂನಿನಲ್ಲಿರುವ ಇತರ ದಾರಿಗಳನ್ನು ಉಪಯೋಗಿಸಿಕೊಳ್ಳಬಹುದು:

- ಜಾಮೀನೀಯ ಅಪರಾಧಗಳಲ್ಲಿ, ಆರೋಪಿಯು ನಿರ್ಗತಿಕನಾಗಿದ್ದು ಜಾಮೀನುದಾರರನ್ನು ಒದಗಿಸಲು ಅಶಕ್ತನಾಗಿದ್ದಲ್ಲಿ, ಕಲಂ 478 ರನ್ವಯ ಆತನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡತಕ್ಕದ್ದು. ದಸ್ತಗಿರಿಯಾದ ಒಂದು ವಾರದೊಳಗೆ ಭದ್ರತೆ ಒದಗಿಸಲಾಗದಿದ್ದಲ್ಲಿ, ಆತನು ನಿರ್ಗತಿಕನೆಂದು ಭಾವಿಸಲು ಅದೇ ಸಾಕಷ್ಟು ಆಧಾರ.

- ಕಲಂ 484 ರನ್ವಯ ಮುಚ್ಚಳಿಕೆಯ ಮೊತ್ತವು ವಿಪರೀತವಾಗಿರಬಾರದು. ಮೊತ್ತವನ್ನು ಕಡಿಮೆ ಮಾಡುವಂತೆ ಸತ್ರ ನ್ಯಾಯಾಲಯ ಅಥವಾ ಉಚ್ಚ ನ್ಯಾಯಾಲಯವನ್ನು ಕೋರಬಹುದು.

- ಕಲಂ 490 ರನ್ವಯ, ಮುಚ್ಚಳಿಕೆಯ ಬದಲಿಗೆ ನ್ಯಾಯಾಲಯವು ನಿಗದಿಪಡಿಸಿದ ನಗದನ್ನು ಠೇವಣಿ ಇಡಲು ಅನುಮತಿ ಕೋರಬಹುದು.

- ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಪಡಿಸಬಹುದಾದ ಅಪರಾಧಗಳನ್ನು ಹೊರತುಪಡಿಸಿ, ಈ ಹಿಂದೆ ಯಾವ ಅಪರಾಧದಲ್ಲಿಯೂ ಶಿಕ್ಷೆಯಾಗಿರದ ವಿಚಾರಣಾಧೀನ ಬಂದಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಬಂಧನದಲ್ಲಿದ್ದಲ್ಲಿ, ಕಲಂ 479 ರನ್ವಯ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅವಕಾಶವಿದೆ. ಇತರರಿಗೆ ಈ ಅವಧಿ ಅರ್ಧದಷ್ಟು. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಪ್ರಕರಣಗಳು ಬಾಕಿ ಇರುವವರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಊರಿನವರೇ ಜಾಮೀನುದಾರರಾಗಬೇಕೆಂಬ ಒತ್ತಾಯದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ಹಿಂದೆಯೇ ಆಕ್ಷೇಪ ವ್ಯಕ್ತಪಡಿಸಿದೆ. ಮೋತಿರಾಮ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣದಲ್ಲಿ (1978) ಬಡ ಗಾರೆ ಕೆಲಸಗಾರರೊಬ್ಬರಿಗೆ ರೂ. 10,000/- ಗಳ ಜಾಮೀನು ಕೇಳಲಾಗಿತ್ತು. ಅವರ ಸಹೋದರರ ಆಸ್ತಿಯು ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಜಾಮೀನನ್ನು ಕೆಳ ನ್ಯಾಯಾಲಯವು ನಿರಾಕರಿಸಿತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಒಪ್ಪದೆ, ರೂ. 1,000/- ಗಳ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿದರು. 2023 ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ನಿರ್ದೇಶನಗಳ ಪ್ರಕಾರ, ಜಾಮೀನು ಆದೇಶವಾದ 7 ದಿನಗಳೊಳಗೆ ಬಂದಿಯ ಬಿಡುಗಡೆಯಾಗದಿದ್ದಲ್ಲಿ ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಮುಚ್ಚಳಿಕೆ ಸಲ್ಲಿಕೆಯಾಗದಿದ್ದಲ್ಲಿ ಸಂಬಂಧಿಸಿದ ನ್ಯಾಯಾಲಯವು ಷರತ್ತುಗಳ ಸಡಿಲಿಕೆಯನ್ನು ತಾನಾಗಿಯೇ ಪರಿಶೀಲಿಸಬಹುದು. ಹಲವು ಪ್ರಕರಣಗಳಿರುವ ಆರೋಪಿಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಜಾಮೀನುದಾರರನ್ನು ಹುಡುಕುವುದು ಅಸಾಧ್ಯವಾದಾಗ, ಅದೇ ಜಾಮೀನುದಾರರನ್ನು ಹಲವು ಪ್ರಕರಣಗಳಿಗೆ ಅಂಗೀಕರಿಸಲು ಗಿರೀಶ್ ಗಾಂಧಿ ವಿರುದ್ಧ ಉತ್ತರ ಪ್ರದೇಶ ರಾಜ್ಯ ಪ್ರಕರಣದಲ್ಲಿ (2024) ಸರ್ವೋಚ್ಚ ನ್ಯಾಯಾಲಯವು ಅವಕಾಶ ನೀಡಿತು.

ಇದಲ್ಲದೆ, ಹಣದ ಕೊರತೆಯಿಂದ ಬಿಡುಗಡೆಯಾಗದ ಬಡ ಬಂದಿಗಳಿಗಾಗಿ ಕೇಂದ್ರ ಸರ್ಕಾರವು 2023 ರಲ್ಲಿ ನೆರವಿನ ಯೋಜನೆಯೊಂದನ್ನು ಜಾರಿಗೆ ತಂದಿದ್ದು, ಅರ್ಹ ಪ್ರಕರಣಗಳನ್ನು ಜಿಲ್ಲಾ ಮಟ್ಟದ ಸಮಿತಿಯು ಪರಿಶೀಲಿಸುತ್ತದೆ. ಈ ಬಗ್ಗೆ ಕಾರಾಗೃಹದ ಕಛೇರಿಯಲ್ಲಿ ವಿಚಾರಿಸಬಹುದು.

10. ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ನ್ಯಾಯಾಲಯದ ಆವರಣದಲ್ಲಿ ಹಣ ಪಡೆದು ಅಪರಿಚಿತರಿಗೆ ಜಾಮೀನುದಾರರನ್ನು ಒದಗಿಸುವುದಾಗಿ ಹೇಳುವವರನ್ನು ನಂಬಬಾರದು. ನಕಲಿ ಪಹಣಿ ಅಥವಾ ಖೋಟಾ ಗುರುತಿನ ಚೀಟಿ ಸಲ್ಲಿಸುವುದು ಅಪರಾಧ. ಬೇರೊಬ್ಬರ ಹೆಸರಿನಲ್ಲಿ ಜಾಮೀನು ನಿಲ್ಲುವವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 242 ರನ್ವಯ 3 ವರ್ಷಗಳವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪಹಣಿಯ ಪ್ರತಿ ಮತ್ತು ಆಧಾರ್ ಪ್ರತಿಗಳನ್ನು ಅಪರಿಚಿತರ ಕೈಗೆ ಕೊಡುವುದರಿಂದ, ತಮಗೆ ಗೊತ್ತಿಲ್ಲದ ಆರೋಪಿಗೆ ತಮ್ಮ ಹೆಸರಿನಲ್ಲಿ ಜಾಮೀನು ಸಲ್ಲಿಕೆಯಾಗುವ ಅಪಾಯವಿದೆ.

"ಏನಾದರೂ ಆದರೆ ನಿಮ್ಮ ಹಣ ನಾವು ತುಂಬಿಕೊಡುತ್ತೇವೆ" ಎಂದು ಆರೋಪಿಯ ಕಡೆಯವರು ಕರಾರು ಬರೆದುಕೊಟ್ಟರೂ, ಅಂತಹ ಕರಾರು ಸಾರ್ವಜನಿಕ ನೀತಿಗೆ ವಿರುದ್ಧವೆಂದು ನ್ಯಾಯಾಲಯಗಳು ಪರಿಗಣಿಸಿವೆ. ಆದ್ದರಿಂದ ಆ ಕರಾರನ್ನು ನಂಬಿ ಸಹಿ ಹಾಕಬಾರದು.

11. ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

- ಈ ವ್ಯಕ್ತಿಯು ಕರೆದಾಗಲೆಲ್ಲ ನ್ಯಾಯಾಲಯಕ್ಕೆ ಬರುವನೆಂಬ ನಂಬಿಕೆ ಇದೆಯೇ?
- ಪ್ರಕರಣವು ಹಲವು ವರ್ಷ ನಡೆದರೂ ಆತನ ಸಂಪರ್ಕದಲ್ಲಿರಲು ಸಾಧ್ಯವೇ?
- ಆತನು ತಪ್ಪಿದಲ್ಲಿ ಈ ಮೊತ್ತವನ್ನು ಮನೆಯ ಸಂಸಾರಕ್ಕೆ ಧಕ್ಕೆಯಾಗದಂತೆ ಕಟ್ಟಲು ಸಾಧ್ಯವೇ?
- ಆಸ್ತಿಯಲ್ಲಿ ಪಾಲು ಇರುವ ಕುಟುಂಬದ ಇತರರಿಗೆ ಈ ವಿಷಯ ತಿಳಿದಿದೆಯೇ?

ಈ ಪ್ರಶ್ನೆಗಳಿಗೆ "ಹೌದು" ಎಂಬ ಉತ್ತರವಿದ್ದಲ್ಲಿ ಜಾಮೀನು ನಿಲ್ಲಲು ಅಂಜಬೇಕಾಗಿಲ್ಲ. ತೀರ್ಪು ಬರುವ ಮುನ್ನವೇ ಸೆರೆಯಲ್ಲಿ ಕೊಳೆಯುತ್ತಿರುವವರನ್ನು ಮನೆಗೆ ಕರೆತರುವುದು ಕುಟುಂಬಕ್ಕೂ ನ್ಯಾಯದಾನಕ್ಕೂ ಸಲ್ಲಿಸುವ ಸೇವೆ. ಉತ್ತರ "ಇಲ್ಲ" ಎಂದಾದಲ್ಲಿ, ವಿನಯದಿಂದ ನಿರಾಕರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಜಾಮೀನು ನಿಲ್ಲುವಂತೆ ಯಾರನ್ನೂ ಬಲವಂತಪಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ.

12. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987 ರ ಕಲಂ 12 ರನ್ವಯ ಬಂಧನದಲ್ಲಿರುವ ವ್ಯಕ್ತಿಗಳು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ಸೇವೆಗೆ ಅರ್ಹರು. ನೋಟೀಸು ಪಡೆದ ಜಾಮೀನುದಾರರು ಈ ವರ್ಗಗಳಿಗೆ ಸೇರಿದವರಾಗಿದ್ದಲ್ಲಿ ಅವರೂ ಅರ್ಜಿ ಸಲ್ಲಿಸಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು, ಇಲ್ಲವೇ ರಾಷ್ಟ್ರೀಯ ಕಾನೂನು ಸೇವೆಗಳ ಸಹಾಯವಾಣಿ 15100 ಗೆ ಕರೆ ಮಾಡಬಹುದು.

ವಿಶೇಷ ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದೆ. ವಿಶೇಷ ಕಾಯಿದೆಗಳ ಅಡಿಯಲ್ಲಿ ದಾಖಲಾದ ಪ್ರಕರಣಗಳಲ್ಲಿ ಜಾಮೀನಿನ ನಿಯಮಗಳು ಭಿನ್ನವಾಗಿರಬಹುದು. ಪ್ರತಿ ಪ್ರಕರಣದಲ್ಲಿಯೂ ನ್ಯಾಯಾಲಯದ ಆದೇಶವೇ ಅಂತಿಮವಾಗಿದ್ದು, ನಿರ್ದಿಷ್ಟ ಸಲಹೆಗಾಗಿ ವಕೀಲರನ್ನು ಅಥವಾ ಮೇಲ್ಕಂಡ ಕಾನೂನು ಸೇವೆಗಳ ಕಛೇರಿಯನ್ನು ಸಂಪರ್ಕಿಸತಕ್ಕದ್ದು.